ಊರಿನ ಬ್ಯಾಂಡ್ ತಂಡವನ್ನು ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ದಾಖಲಿಸುವುದು ಹೇಗೆ?

ಮಂಗಳೂರು ಕಡೆಯ ಚರ್ಚ್ ಹಬ್ಬಗಳಲ್ಲಿ ನುಡಿಸುವ ಬ್ರಾಸ್ ಬ್ಯಾಂಡ್ ಒಂದನ್ನು ದಾಖಲಿಸಬೇಕೆಂದಿದ್ದೀರಿ. ಮೊಬೈಲ್ ಇರುವಾಗ ಫಿಲ್ಮಿನ ರಗಳೆ ಏಕೆ ಎಂದೂ ಕೇಳಿದ್ದೀರಿ. ಅಂಥದೇ ತಂಡದ ಹಿಂದೆ ಅಲೆದವನಾಗಿ ಹೇಳುತ್ತೇನೆ: ಬಣ್ಣದ ಚಿತ್ರದಲ್ಲಿ ಕಣ್ಣು ನೇರವಾಗಿ ಕೆಂಪು ಕೋಟಿಗೂ ಜರಿಪಟ್ಟಿಗೂ ಹೋಗುತ್ತದೆ, ಎಲ್ಲ ತಂಡಗಳೂ ಒಂದೇ ತರಹ ಕಾಣುತ್ತವೆ. ಬಣ್ಣ ಹೋದರೆ ಯುಫೋನಿಯಂ ಎಂಬ ದಪ್ಪ ಹಿತ್ತಾಳೆ ಕಹಳೆಯ ಮೈಮೇಲಿನ ತಗ್ಗು, ಬೆರಳು ತಾಗಿ ತಾಗಿ ಮೆರುಗು ಸವೆದ ಟ್ರಂಪೆಟ್ ವಾಲ್ವ್, ನುಡಿಸುವವನ ತುಟಿಯ ಮೇಲಿನ ಗುರುತು ಮುಂದೆ ಬರುತ್ತವೆ.

ಫಿಲ್ಮ್ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್ ಸಾಕು, ಎರಡೂ 400 ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ). ಕರಾವಳಿ ಕ್ರೈಸ್ತರ ತೆನೆ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಬರುವುದು ಸೆಪ್ಟೆಂಬರ್ 8ಕ್ಕೆ, ಮಳೆಗಾಲದ ಮೋಡ ಇನ್ನೂ ಸರಿದಿರುವುದಿಲ್ಲ. ಬೆಳಕು ಸಾಲದಿದ್ದರೆ ಫಿಲ್ಮ್ 1600 ಐಎಸ್‌ಒ ಎಂದೇ ಲೆಕ್ಕ ಹಿಡಿದು ತೆಗೆದು, ಡೆವಲಪ್ ಮಾಡುವಾಗ ಸಮಯ ಹೆಚ್ಚಿಸಿ. ಚಿತ್ರ ತರಿತರಿಯಾಗುತ್ತದೆ, ಆಗಲಿ.

ನಿಜವಾದ ತೊಂದರೆ ಹಿತ್ತಾಳೆಯದು. ಅದರ ಹೊಳಪು ಕಂಡ ಕೂಡಲೇ ಕ್ಯಾಮೆರಾದ ಮೀಟರ್ ಬೆಳಕು ಹೆಚ್ಚಾಯಿತೆಂದು ಎಕ್ಸ್‌ಪೋಶರ್ (ಫಿಲ್ಮಿಗೆ ಬಿಡುವ ಬೆಳಕು) ಇಳಿಸುತ್ತದೆ, ಮುಖಗಳೆಲ್ಲ ಮಸಿಯಾಗುತ್ತವೆ. ಆದ್ದರಿಂದ ನೆರಳಿನಲ್ಲಿರುವ ಮುಖಕ್ಕೆ ಹತ್ತಿರ ಹೋಗಿ ಅಳತೆ ತೆಗೆದುಕೊಳ್ಳಿ. ನೆಗೆಟಿವ್ ತುಸು ಹೆಚ್ಚಿನ ಬೆಳಕನ್ನು ತಾಳಿಕೊಳ್ಳುತ್ತದೆ. ಕಡಿಮೆಯಾದರೆ ನೆರಳಿನಲ್ಲಿ ಏನೂ ಉಳಿಯುವುದಿಲ್ಲ. ಫಿಲ್ಮನ್ನು ಮನೆಯಲ್ಲೇ ತೊಳೆಯುವವರಾದರೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಕರಾವಳಿಯ ನಲ್ಲಿ ನೀರು ಅಷ್ಟು ತಣ್ಣಗೆ ಎಲ್ಲಿ ಬರಬೇಕು! ಬೋಗುಣಿಯಲ್ಲಿ ಐಸ್ ಹಾಕಿ ಡೆವಲಪರ್ ಬಾಟಲಿಯನ್ನು ಅದರೊಳಗೆ ನಿಲ್ಲಿಸಿ. ಲೆನ್ಸಿಗೆ ಬೂಷ್ಟು ಹಿಡಿಯದಂತೆ ಚೀಲದಲ್ಲಿ ಸಿಲಿಕಾ ಜೆಲ್ ಇರಲಿ.

ಮೆರವಣಿಗೆಯ ಕೆನ್ನೆ ಉಬ್ಬಿದ ಚಿತ್ರಗಳನ್ನು ಎಲ್ಲರೂ ತೆಗೆಯುತ್ತಾರೆ. ನೀವು ಒಂದು ಗಂಟೆ ಮುಂಚೆ ಹೋಗಿ. ಬ್ರಾಸೊ ಹಚ್ಚಿ ಉಜ್ಜುವವರು, ಟ್ರಂಪೆಟ್ಟಿನ ಕೀಲಿ ಒತ್ತಿ ಒಳಗಿನ ನೀರನ್ನು ನೆಲಕ್ಕೆ ಸುರಿಸುವವರು, ದೊಡ್ಡ ಡೋಲಿಗೆ ಒರಗಿ ಚಹಾ ಕುಡಿಯುವ ಹುಡುಗರು ಸಿಗುತ್ತಾರೆ. ರೋಲಿಗೆ 36 ಚಿತ್ರ ಮಾತ್ರ, ಹಾಗಾಗಿ ಕ್ಯಾಮೆರಾ ಕೆಳಗಿಟ್ಟು ಮಾತಾಡಲು ಸಮಯವೂ ಸಿಗುತ್ತದೆ. ಸ್ಯಾಕ್ಸೊಫೋನ್ ಶಾಸ್ತ್ರದ ಪ್ರಕಾರ ಬ್ರಾಸ್ ವಾದ್ಯವಲ್ಲ, ಆದರೂ ನುಡಿಸುವವರನ್ನು ಬಿಡಬೇಡಿ. ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥರು ಅದಕ್ಕೆ ಮರುಳಾದದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಮೇಲೆಯೇ.

ಪ್ರತಿ ಪ್ರಿಂಟಿನ ಹಿಂದೆ ಪೆನ್ಸಿಲಿನಲ್ಲಿ ಹೆಸರು, ವಾದ್ಯ, ಹಬ್ಬ, ವರ್ಷ ಬರೆಯಿರಿ. ಕೋಟಿನ ಬಣ್ಣವನ್ನೂ ಬರೆಯಿರಿ, ಕೆಂಪೋ ನೀಲಿಯೋ ಎಂದು ಮುಂದೆ ಯಾರಿಗೂ ತಿಳಿಯುವುದಿಲ್ಲ. ಒಂದೊಂದು ಪ್ರತಿಯನ್ನು ಬ್ಯಾಂಡ್ ಮಾಸ್ಟರ್ ಕೈಗೆ ಕೊಡಿ. ಮುಂದಿನ ಹಬ್ಬಕ್ಕೆ ಅವರೇ ಫೋನ್ ಮಾಡಿ ಕರೆಯುತ್ತಾರೆ.