ನನ್ನ 24 ವರ್ಷಕ್ಕೆ ಲೆಕ್ಕವೇ ಇಲ್ವಾ?

ಅಮೆರಿಕದ ಫ್ಲಾರಿಡಾ ರಾಜ್ಯದಿಂದ ಓದುಗರೊಬ್ಬರು ಬರೆದಿದ್ದಾರೆ: "ಜೀವನಪೂರ್ತಿ ಜೀವನಾಂಶ ಕೊಡುವ ಪದ್ಧತಿ ಫ್ಲಾರಿಡಾದಲ್ಲಿ ನಿಂತಿದ್ದು ಒಳ್ಳೆಯದಾಯಿತು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೀಗ 51 ವರ್ಷ. ಮದುವೆಯಾಗಿ 24 ವರ್ಷ. ಇಂಜಿನಿಯರಿಂಗ್ ಮುಗಿಸಿ, ಗಂಡನ ಜೊತೆ ಎಚ್-4 ವೀಸಾದಲ್ಲಿ, ಅಂದರೆ ಕೆಲಸಕ್ಕೆ ಬರುವವರ ಕುಟುಂಬಕ್ಕೆ ಕೊಡುವ ವೀಸಾದಲ್ಲಿ, ಬಂದೆ. ಆಗ ಕೆಲಸ ಮಾಡುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಬರುವ ಹೊತ್ತಿಗೆ ಇಬ್ಬರು ಮಕ್ಕಳಿದ್ದರು. ಈಗ ಗಂಡ ಡಿವೋರ್ಸ್‌ಗೆ ಅರ್ಜಿ ಹಾಕಿದ್ದಾರೆ. ಕೋರ್ಟಿನ ಫಾರಂನಲ್ಲಿ ತಿಂಗಳ ಆದಾಯ ಅಂತಿರುವ ಕಡೆ ಸೊನ್ನೆ ಬರೆಯುವಾಗ ಕೈ ನಡುಗಿತು. ಕಾನೂನು ಬದಲಾಗಿದೆ, ಇನ್ನು ಏನೂ ಸಿಗಲ್ಲ ಅಂತ ಪರಿಚಯದವರು ಹೇಳಿದರು. ನನ್ನ 24 ವರ್ಷಕ್ಕೆ ಲೆಕ್ಕವೇ ಇಲ್ವಾ?"

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹೋದ ಸಂಚಿಕೆಯಲ್ಲಿ ಬರೆಯುವಾಗ, ಎಪ್ಪತ್ತು ದಾಟಿದ ಮೇಲೂ ಪ್ರತಿ ತಿಂಗಳು ಚೆಕ್ ಬರೆಯಬೇಕಾದವರ ಕಷ್ಟವೇ ನನ್ನ ಕಣ್ಣ ಮುಂದಿತ್ತು. ಆ ಚೆಕ್‌ನಿಂದ ಮನೆ ಬಾಡಿಗೆ ಕಟ್ಟುವವರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಈಗ ನಿಮ್ಮ ಪ್ರಶ್ನೆ. ಏನೂ ಸಿಗಲ್ಲ ಅಂದವರ ಮಾತು ನಿಜವಲ್ಲ. ಗವರ್ನರ್ ರಾನ್ ಡಿಸ್ಯಾಂಟಿಸ್ 2023ರ ಜೂನ್ 30ರಂದು ಸಹಿ ಹಾಕಿದ ಕಾನೂನು ಮರುದಿನವೇ ಜಾರಿಗೆ ಬಂತು. ಅದಕ್ಕೂ ಮೊದಲು 2013, 2016 ಮತ್ತು 2022ರಲ್ಲಿ ಇಂಥ ಮಸೂದೆಗಳಿಗೆ ಗವರ್ನರ್‌ಗಳು ವೀಟೊ ಹಾಕಿದ್ದರು. ಅಂದರೆ ಹತ್ತು ವರ್ಷದ ಜಗಳ ಇದು. ಕೊನೆಗೆ ಹೋಗಿದ್ದು ಮುಗಿಯುವ ತಾರೀಖೇ ಇಲ್ಲದ ಜೀವನಾಂಶ. ಉಳಿದ ಬಗೆಯ ಜೀವನಾಂಶಗಳು ಈಗಲೂ ಇವೆ. ಒಂಟಿ ಬದುಕಿಗೆ ಹೊಂದಿಕೊಳ್ಳುವವರೆಗೆ ಹೆಚ್ಚೆಂದರೆ 2 ವರ್ಷ ಕೊಡುವುದು ಒಂದು. ಓದಿಗೋ ತರಬೇತಿಗೋ ಹೆಚ್ಚೆಂದರೆ 5 ವರ್ಷ ಕೊಡುವುದು ಇನ್ನೊಂದು. ನಿಮಗೆ ಮುಖ್ಯವಾದದ್ದು ಮೂರನೆಯದು, ವಕೀಲರು ಡ್ಯೂರೇಷನಲ್ ಆಲಿಮನಿ ಅನ್ನುತ್ತಾರೆ. ಇಷ್ಟು ವರ್ಷ ಅಂತ ಗೊತ್ತುಮಾಡಿ ಕೊಡುವ ಜೀವನಾಂಶ.

ಅದರ ಲೆಕ್ಕ ಹೀಗಿದೆ. 20 ವರ್ಷ ದಾಟಿದ ಮದುವೆಯನ್ನು ಅಲ್ಲಿ ದೀರ್ಘ ಮದುವೆ ಅನ್ನುತ್ತಾರೆ. ಅಂಥ ಮದುವೆಗೆ ಎಷ್ಟು ವರ್ಷವಾಗಿದೆಯೋ ಅದರ ಶೇ. 75ರಷ್ಟು ಕಾಲದವರೆಗೆ ಜೀವನಾಂಶ ಕೊಡಿಸಬಹುದು. 24 ವರ್ಷಕ್ಕೆ 18 ವರ್ಷ. ಮದುವೆಯಾದ ದಿನದಿಂದ ಅರ್ಜಿ ಹಾಕಿದ ದಿನದವರೆಗೆ ಎಣಿಸುತ್ತಾರೆ. ತಿಂಗಳಿಗೆ ಎಷ್ಟು ಅನ್ನುವುದಕ್ಕೂ ಮಿತಿ ಇದೆ. ನಿಮಗೆ ನಿಜವಾಗಿ ಬೇಕಾದ ಮೊತ್ತ ಒಂದು, ನಿಮ್ಮಿಬ್ಬರ ಕೈಗೆ ಬರುವ ಆದಾಯದ ವ್ಯತ್ಯಾಸದಲ್ಲಿ ಶೇ. 35 ಇನ್ನೊಂದು. ಎರಡರಲ್ಲಿ ಕಡಿಮೆ ಯಾವುದೋ ಅದು. ಸುಮ್ನೆ ಉದಾಹರಣೆಗೆ, ಅವರಿಗೆ ತಿಂಗಳಿಗೆ 8,000 ಡಾಲರ್ ಕೈಗೆ ಬರುತ್ತದೆ, ನಿಮ್ಮದು ಸೊನ್ನೆ ಅಂದುಕೊಳ್ಳಿ. ಆಗ ಮಿತಿ 2,800 ಡಾಲರ್. ಆದರೆ ನೀವು ದುಡಿದರೆ 2,000 ಗಳಿಸಬಹುದು ಎಂದು ಜಡ್ಜ್‌ಗೆ ಅನ್ನಿಸಿದರೆ, ಅದನ್ನು ನಿಮ್ಮ ಆದಾಯ ಅಂತಲೇ ಹಿಡಿಯಬಹುದು. ಆಗ ಮಿತಿ 2,100ಕ್ಕೆ ಇಳಿಯುತ್ತದೆ. ಆ ಫಾರಂನಲ್ಲಿ ಬರೆದ ಸೊನ್ನೆ ಕೊನೆವರೆಗೂ ಸೊನ್ನೆಯಾಗಿಯೇ ಉಳಿಯುತ್ತದೆ ಅಂತ ನಂಬಿ ಕೂರಬೇಡಿ.

ನನಗೆ ನಿಜಕ್ಕೂ ಬೇಸರ ತರುವ ವಿಷಯ ಬೇರೆ ಇದೆ. ನಿಮ್ಮ ಇದೇ 24 ವರ್ಷ ಮಸಾಚುಸೆಟ್ಸ್‌ನಲ್ಲಿ ಕಳೆದಿದ್ದರೆ? ಅಲ್ಲಿ 2012ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ 20 ವರ್ಷ ದಾಟಿದ ಮದುವೆಗೆ ವರ್ಷದ ಮಿತಿ ಹಾಕಲೇಬೇಕು ಅಂತಿಲ್ಲ. ಕೊಡುವವರು ಪೂರ್ತಿ ನಿವೃತ್ತಿಯ ವಯಸ್ಸು ಮುಟ್ಟಿದಾಗ ಸಾಮಾನ್ಯವಾಗಿ ನಿಲ್ಲುತ್ತದೆ. ಅದೇ ಟೆಕ್ಸಸ್‌ನಲ್ಲಾಗಿದ್ದರೆ, ಉದ್ದಕ್ಕೆ ಬಾಳಿದ್ದೇ ಕಾರಣಕ್ಕೆ ಕೋರ್ಟ್ ಕೊಡಿಸುವುದು ಹೆಚ್ಚೆಂದರೆ 7 ವರ್ಷ. ಅದೂ ತಿಂಗಳಿಗೆ 5,000 ಡಾಲರ್ ಅಥವಾ ಗಂಡನ ಒಟ್ಟು ಆದಾಯದ ಶೇ. 20, ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅದೇ ಹೆಂಗಸು, ಅದೇ ಅಡುಗೆಮನೆ, ಅದೇ ಮಕ್ಕಳು. ಗಂಡನ ಕಂಪನಿ ಯಾವ ರಾಜ್ಯಕ್ಕೆ ವರ್ಗ ಮಾಡಿತು ಅನ್ನುವುದರ ಮೇಲೆ ಆಕೆಯ ಮುಪ್ಪು ನಿಂತಿದೆ. ಇದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಜೀವನಾಂಶ ಅನ್ನುವ ನಮ್ಮ ಮಾತಿನಲ್ಲಿ ಬದುಕಿನ ಪಾಲು ಅನ್ನುವ ಅರ್ಥ ಇದೆ, ದಯೆ ಅನ್ನುವ ಅರ್ಥ ಇಲ್ಲ.

ಹಾಗಂತ ಹಳೆಯ ಪದ್ಧತಿಯೇ ಇರಬೇಕಿತ್ತು ಅಂತ ನಾನು ಈಗಲೂ ಹೇಳಲಾರೆ. ಹತ್ತು ವರ್ಷದ ಮದುವೆಗೆ ಮೂವತ್ತು ವರ್ಷ ದುಡ್ಡು ಕಟ್ಟುವುದು ಅನ್ಯಾಯವೇ. ಅಲ್ಲಿ ಗಂಡನೇ ಕೊಡಬೇಕು ಅಂತಲೂ ಇಲ್ಲ. 1979ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ಗಂಡಂದಿರಿಗೆ ಮಾತ್ರ ಹೊಣೆ ಹೊರಿಸಿದ್ದ ಅಲಬಾಮಾದ ಕಾನೂನನ್ನು ತಳ್ಳಿಹಾಕಿತು. ಹೆಂಡತಿ ಜಾಸ್ತಿ ದುಡಿಯುತ್ತಿದ್ದರೆ ಆಕೆಯೇ ಕೊಡಬೇಕಾಗಬಹುದು.

ಈಗ ಮುಂದೇನು ಮಾಡಬೇಕು ನೋಡೋಣ. ನಾನು ವಕೀಲ ಅಲ್ಲ. ಖಂಡಿತ ಅಲ್ಲಿನ ಒಬ್ಬ ಕುಟುಂಬ ವಕೀಲರನ್ನು ನೋಡಿ. ನಿಮಗೆ ಅಗತ್ಯವಿದೆ, ಅವರಿಗೆ ಕೊಡುವ ಶಕ್ತಿ ಇದೆ, ಎರಡನ್ನೂ ತೋರಿಸಬೇಕಾದವರು ನೀವೇ. ಮನೆ, ಮಕ್ಕಳನ್ನು ನೋಡಿಕೊಂಡದ್ದು, ಗಂಡನ ಓದಿಗೆ, ಕೆಲಸಕ್ಕೆ ನೆರವಾದದ್ದು ಎಲ್ಲವನ್ನೂ ಜಡ್ಜ್ ಗಮನಿಸಬೇಕು ಎಂದು ಫ್ಲಾರಿಡಾದ ಕಾನೂನಿನಲ್ಲೇ ಬರೆದಿದೆ. ನಿಮ್ಮ 24 ವರ್ಷಕ್ಕೆ ಲೆಕ್ಕ ಇರುವುದು ಅಲ್ಲಿ. ಆದರೆ ಅದು ತಾನಾಗಿ ಬರುವುದಿಲ್ಲ, ನೀವು ಹೇಳಬೇಕು, ಕಾಗದದಲ್ಲಿ ತೋರಿಸಬೇಕು.

ಆಸ್ತಿ ಹಂಚಿಕೆ ಬೇರೆ, ಜೀವನಾಂಶ ಬೇರೆ ಅನ್ನುವುದೂ ನೆನಪಿರಲಿ. ಮದುವೆಯ ಕಾಲದಲ್ಲಿ ಗಂಡನ 401(ಕೆ) ಅನ್ನುವ ನಿವೃತ್ತಿ ಉಳಿತಾಯ ಖಾತೆಯಲ್ಲಿ ಸೇರಿದ ಹಣದಲ್ಲಿ ನಿಮಗೂ ಪಾಲಿದೆ. ಮದುವೆ 10 ವರ್ಷ ದಾಟಿರುವುದರಿಂದ, ಮರುಮದುವೆಯಾಗದೆ ಇದ್ದರೆ 62 ತುಂಬಿದ ಮೇಲೆ ಅವರ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರ ಕೊಡುವ ಪೆನ್ಶನ್, ಲೆಕ್ಕದಲ್ಲೂ ಕೇಳಬಹುದು. ಹೆಚ್ಚೆಂದರೆ ಅರ್ಧದಷ್ಟು, ಬೇಗ ಕೇಳಿದರೆ ಕಡಿಮೆ. ಅದರಿಂದ ಅವರ ಪೆನ್ಶನ್ ಒಂದು ಡಾಲರೂ ಕಡಿಮೆಯಾಗುವುದಿಲ್ಲ. 2019ರಿಂದೀಚೆಗಿನ ಡಿವೋರ್ಸ್‌ಗಳಲ್ಲಿ ಜೀವನಾಂಶಕ್ಕೆ ಪಡೆಯುವವರು ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ.

ಒಂದು ಎಚ್ಚರ. ಕೋರ್ಟಿನ ವಿಚಾರಣೆಗೆ ಮೊದಲು ಸಾಮಾನ್ಯವಾಗಿ ಮೀಡಿಯೇಷನ್‌ಗೆ, ಅಂದರೆ ಮಧ್ಯಸ್ಥರ ಮುಂದೆ ಮಾತುಕತೆಗೆ, ಕೂರಿಸುತ್ತಾರೆ. ದಿನವೆಲ್ಲ ಕೂತು ದಣಿದ ಹೊತ್ತಿಗೆ ಒಂದು ಒಪ್ಪಂದದ ಹಾಳೆ ಮುಂದೆ ಬರುತ್ತದೆ. ಅದರಲ್ಲಿ ಜೀವನಾಂಶ ಕೇಳುವುದಿಲ್ಲ ಅನ್ನುವ ಸಾಲು ಇದೆಯಾ ನೋಡಿ. ಅದಕ್ಕೆ ಸಹಿ ಹಾಕಿ, ತೀರ್ಪೂ ಬಂದರೆ ಆಮೇಲೆ ಕೇಳುವ ದಾರಿ ಮುಚ್ಚಿದ ಹಾಗೆ. ಒಂದು ರಾತ್ರಿ ಕಳೆಯಲಿ, ಸಹಿ ಮರುದಿನ ಹಾಕಿದರೂ ನಡೆಯುತ್ತದೆ.

ಕೊನೆಗೊಂದು ಸಣ್ಣ ಮಾತು. ಹಳೆಯ ಪಾಸ್‌ಪೋರ್ಟ್ ಅಟ್ಟದ ಮೇಲೆ ಎಲ್ಲೋ ಇರಬೇಕು, ಅಲ್ವಾ? ಎಚ್-4 ವೀಸಾ ಅಂಟಿಸಿದ ಆ ಪುಟ, ನಿಮ್ಮ ಇಂಜಿನಿಯರಿಂಗ್ ಸರ್ಟಿಫಿಕೇಟ್, ಮಕ್ಕಳ ಶಾಲೆಯ ಹಳೆ ಕಾಗದಗಳು, ಗಂಡ ಊರು ಬದಲಿಸಿದಾಗಿನ ಬಾಡಿಗೆ ಕರಾರುಗಳು. ಇವನ್ನೆಲ್ಲ ವರ್ಷದ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ವಕೀಲರ ಹತ್ತಿರ ಮೊದಲ ಸಲ ಹೋಗುವಾಗಲೇ ಅದನ್ನು ತಗೊಂಡು ಹೋಗಿ.