ಬೆಟ್ಟಕ್ಕೆ ಹೋದರೂ ಕವಿತೆ ಬರಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

ಬಂದವರು ಐವತ್ತು ದಾಟಿದ ಮಹಿಳೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ.

ಕಾಲೇಜು ದಿನಗಳಿಂದ ಕವಿತೆ ಬರೆಯುತ್ತಿದ್ದವರು. ತಾಯಿ ಹಾಸಿಗೆ ಹಿಡಿದ ಮೇಲೆ ಬರವಣಿಗೆ ನಿಂತುಹೋಯಿತು. ಏಳು ವರ್ಷ ಒಬ್ಬರೇ ನೋಡಿಕೊಂಡರು. ತಾಯಿ ತೀರಿಕೊಂಡು ಕೆಲವು ತಿಂಗಳಾದ ಮೇಲೆ ನೆಂಟರು, ಗೆಳತಿಯರು ಎಲ್ಲರೂ ಒಂದೇ ಮಾತು ಹೇಳಿದರು: "ಈಗಲಾದರೂ ಬಿಡುವಾಯ್ತಲ್ಲ, ಎಲ್ಲಾದರೂ ಬೆಟ್ಟದ ಕಡೆ ಹೋಗು, ಬರಿ." ಅವರಿಗೂ ಹೌದೆನಿಸಿತು. ಎತ್ತರದ ಊರೊಂದರಲ್ಲಿ ಹತ್ತು ದಿನಕ್ಕೆ ಕೋಣೆ ಹಿಡಿದರು. ದಪ್ಪ ನೋಟ್‌ಬುಕ್ ಒಯ್ದರು. ಐದನೇ ದಿನ ವಾಪಸ್ ಹೊರಟರು. ನೋಟ್‌ಬುಕ್ ಖಾಲಿ.

"ಅಂಥ ಜಾಗದಲ್ಲೂ ನೆಮ್ಮದಿ ಸಿಗಲಿಲ್ಲ ಅಂದ್ರೆ ನನ್ನಲ್ಲೇ ಏನೋ ಕೆಟ್ಟಿದೆ ಅಲ್ವಾ?" ಇದು ಅವರ ಮೊದಲ ಪ್ರಶ್ನೆ.

ಉತ್ತರ ಕೊಡುವ ಮೊದಲು ಕೇಳಬೇಕಾದ್ದು ಬೇರೆ ಇತ್ತು. ಊಟ ಹೇಗಿದೆ, ನಿದ್ದೆ ಹೇಗಿದೆ, ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿಯೇ ಇಲ್ಲವೇ, ಬದುಕುವುದೇ ಬೇಡ ಅನ್ನಿಸಿದೆಯೇ? ಕೊನೆಯ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು, ನೇರವಾಗಿಯೇ ಕೇಳಬೇಕು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಹಲವರಿಗಿದೆ, ಅದು ತಪ್ಪು. ಇವರಿಗೆ ಅಂಥ ಯೋಚನೆ ಇರಲಿಲ್ಲ. ಆಸಕ್ತಿ ಕುಗ್ಗಿತ್ತು, ನಿದ್ದೆ ಹಾಳಾಗಿತ್ತು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಮಧ್ಯಮಕ್ಕಿಂತ ಕಡಿಮೆ ಅಂಕ ಬಂತು. ಆ ಪಟ್ಟಿ ಒಂದರಿಂದಲೇ ತೀರ್ಮಾನ ಮಾಡುವಂತಿಲ್ಲ. ಥೈರಾಯ್ಡ್ ಮತ್ತು ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರ ಬಳಿ ಕಳಿಸಿದೆ.

ಆಮೇಲೆ ಆ ಐದು ದಿನಗಳ ಕಥೆ ಕೇಳಿದೆ. ಬೆಳಿಗ್ಗೆಗಳು ಚೆನ್ನಾಗಿದ್ದವು. ಕಷ್ಟವಾಗಿದ್ದು ರಾತ್ರಿಗಳು. ತಲೆ ಸಿಡಿತ, ವಾಕರಿಕೆ, ಮತ್ತೆ ಮತ್ತೆ ಎಚ್ಚರ. ಉಸಿರು ನಿಂತಂತಾಗಿ ಗಾಬರಿಯಿಂದ ಎದ್ದು ಕೂರುತ್ತಿದ್ದರು. ಇದನ್ನೆಲ್ಲ ಅವರು "ನನ್ನ ಮನಸ್ಸು ಅಷ್ಟು ಅಶಾಂತವಾಗಿದೆ" ಎಂದು ಲೆಕ್ಕ ಹಾಕಿಕೊಂಡಿದ್ದರು.

ಊರು ಎಷ್ಟು ಎತ್ತರದಲ್ಲಿದೆ ಎಂದು ಕೇಳಿದೆ. 3,400 ಮೀಟರ್. ಸಮತಟ್ಟಿನಿಂದ ಒಂದೇ ದಿನದಲ್ಲಿ ಗಾಡಿಯಲ್ಲಿ ಹತ್ತಿದ್ದರು! ಅಷ್ಟು ಎತ್ತರದಲ್ಲಿ ಒಂದೊಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಪಾಲು ಮಾತ್ರ. 2,500 ಮೀಟರ್ ದಾಟಿದರೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ನಿದ್ದೆಯಲ್ಲಿ ಉಸಿರು ಕೆಲ ಕ್ಷಣ ತಡೆದು ಮತ್ತೆ ಜೋರಾಗಿ ಶುರುವಾಗುವುದು ಅಲ್ಲಿ ಸಾಮಾನ್ಯ. ಆ ನಾಲ್ಕು ರಾತ್ರಿಗಳ ದೊಡ್ಡ ಪಾಲು ಗಾಳಿಯ ಕೆಲಸ, ಮನಸ್ಸಿನದ್ದಲ್ಲ. ಇದನ್ನು ಕೇಳಿ ಅವರು ನಕ್ಕುಬಿಟ್ಟರು. ನನ್ನ ಮುಂದೆ ಅವರು ನಕ್ಕಿದ್ದು ಅದೇ ಮೊದಲು.

ಆದರೆ ಎಲ್ಲವೂ ಗಾಳಿಯ ಕೆಲಸವಾಗಿರಲಿಲ್ಲ. ಎಚ್ಚರವಾದಾಗ ಏನು ಮಾಡುತ್ತಿದ್ದಿರಿ ಎಂದೆ. ತುಸು ಹೊತ್ತು ಸುಮ್ಮನಿದ್ದು, "ಗಡಿಯಾರ ನೋಡ್ತಿದ್ದೆ. ಅಮ್ಮನ ಮಗ್ಗುಲು ಬದಲಿಸೋ ಹೊತ್ತಾಯ್ತಾ ಅಂತ" ಎಂದರು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಬೇಕಾಗುತ್ತದೆ. ವರ್ಷಗಟ್ಟಲೆ ಹಾಗೆ ಎದ್ದವರ ಮೈಗೆ ರೋಗಿ ಹೋದ ಸುದ್ದಿ ಬೇಗ ತಲುಪುವುದಿಲ್ಲ. ಮನೆಯಲ್ಲಾದರೆ ಎದ್ದು ಪಾತ್ರೆ ತೊಳೆಯುತ್ತಿದ್ದರು, ಟಿವಿ ಹಾಕುತ್ತಿದ್ದರು. ಬೆಟ್ಟದ ಕೋಣೆಯಲ್ಲಿ ಮಾಡಲು ಏನೂ ಇರಲಿಲ್ಲ. ಇನ್ನೊಂದು ವಿಷಯ ಹೊರಬರಲು ಇನ್ನೂ ಎರಡು ಭೇಟಿ ಬೇಕಾಯಿತು. ತಾಯಿ ಹೋದಾಗ ಮೊದಲು ಅನ್ನಿಸಿದ್ದು "ಅಬ್ಬಾ, ಮುಗೀತು" ಎಂದು. ಆ ನಿರಾಳಕ್ಕೆ ಅವರು ತಮ್ಮನ್ನು ತಾವೇ ಕ್ಷಮಿಸಿರಲಿಲ್ಲ. ದೀರ್ಘಕಾಲ ಆರೈಕೆ ಮಾಡಿದವರಲ್ಲಿ ಇದು ತುಂಬಾ ಕಾಣುವ ಭಾವನೆ. ಬಾಯಿಬಿಟ್ಟು ಹೇಳುವವರು ಮಾತ್ರ ಕಡಿಮೆ.

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗಿ ಹೇಳುತ್ತೇನೆ. ದುಃಖದಲ್ಲಿರುವವರನ್ನು ಬೆಟ್ಟಕ್ಕೆ ಕಳಿಸುವಾಗ ನಾವು ಎರಡು ಕೆಲಸಗಳನ್ನು ಒಟ್ಟಿಗೆ ಹೊರಿಸುತ್ತೇವೆ: ಶಾಂತವಾಗು, ಮತ್ತು ಏನಾದರೂ ಚೆಂದದ್ದನ್ನು ಹೊತ್ತು ತಾ. ಎರಡೂ ಒಂದೇ ಸಲ ಆಗುವುದು ಅಪರೂಪ. ಮೊದಮೊದಲ ಮೌನ ಕೆಲವರಿಗೆ ತಂಪಲ್ಲ. ಸದ್ದು ಇಳಿದಾಗ ಇಷ್ಟು ದಿನ ಸದ್ದಿನಡಿ ಕೂತಿದ್ದುದು ಎದ್ದು ಬರುತ್ತದೆ. ಅದರ ಜೊತೆ ಕುಳಿತುಕೊಳ್ಳುವ ಹೊತ್ತಿನಲ್ಲಿ ಕವಿತೆಗೆ ಸಾಲು ಹುಡುಕು ಅಂದರೆ ಹೇಗೆ?

ಅವರು ಓದುವವರು. ಹಾಗಾಗಿ "ಪ್ರಕೃತಿಯಲ್ಲಿ ಸೃಜನಶೀಲತೆ ಹೆಚ್ಚುತ್ತದೆ ಅಂತ ಸಂಶೋಧನೆಯೇ ಇದೆಯಲ್ಲ" ಎಂದು ವಾದಿಸಿದರು. ಇದೆ, ನಿಜ. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಫೋನು-ಗೀನು ಇಲ್ಲದೆ ಕಾಡುಮೇಡು ಅಲೆದವರು ನಾಲ್ಕನೇ ದಿನ ಪದಗಳ ನಡುವಿನ ನಂಟು ಹುಡುಕುವ ಒಂದು ಪರೀಕ್ಷೆಯಲ್ಲಿ 50 ಪ್ರತಿಶತ ಜಾಸ್ತಿ ಅಂಕ ಪಡೆದರು. ಆದರೆ ಅದು ಪದಗಳ ಒಗಟು, ಕವಿತೆಯಲ್ಲ. ಲಾಭ ಕಾಡಿನಿಂದ ಬಂತೋ ಫೋನ್ ಬಿಟ್ಟದ್ದರಿಂದ ಬಂತೋ ಎಂದು ಬೇರ್ಪಡಿಸಲೂ ಆಗಲಿಲ್ಲ. 2014ರ ಇನ್ನೊಂದು ಅಧ್ಯಯನ ನನಗೆ ಹೆಚ್ಚು ಇಷ್ಟ. ಖಾಲಿ ಗೋಡೆ ನೋಡಿಕೊಂಡು ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಕುಳಿತವರಿಗಿಂತ ಹೆಚ್ಚು ಹೊಸ ಯೋಚನೆಗಳು ಬಂದವು. ಅಂದರೆ ಕಾಲಿಗೆ ಕೆಲಸ ಸಿಕ್ಕರೆ ಅರ್ಧ ಗೆದ್ದಂತೆ. ಇವರೋ, ಬೆಟ್ಟಕ್ಕೆ ಹೋಗಿ ಕಿಟಕಿ ಮುಂದೆ ನೋಟ್‌ಬುಕ್ ತೆರೆದು ಕುಳಿತಿದ್ದರು. ಪರೀಕ್ಷಾ ಹಾಲ್‌ನಲ್ಲಿ ಕುಳಿತ ಹಾಗೆ.

ಪೆಟ್ರಾರ್ಕ್ ವಿಷಯವನ್ನೂ ಹೇಳಿದೆ. ಇಟಲಿಯ ಈ ಕವಿ 1336ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಮೌಂಟ್ ವೆಂಟೂ ಹತ್ತಿದ ಬಗ್ಗೆ ಪತ್ರವೊಂದಿದೆ. ಅದೇ ಸಂಜೆ ಆತುರಾತುರವಾಗಿ ಬರೆದೆ ಎಂಬ ಧಾಟಿಯ ಪತ್ರ. ಆದರೆ ಅದು ನಮಗೆ ಸಿಕ್ಕಿರುವ ರೂಪದಲ್ಲಿ ಬರೆದದ್ದು 1353ರ ಸುಮಾರಿಗೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹದಿನೇಳು ವರ್ಷ! ನಿಮಗೆ ಐದು ದಿನ ಸಾಕೇ ಎಂದೆ.

ಸಲಹೆಯಲ್ಲಿ ಮೊದಲನೆಯದು ಬೆಟ್ಟಕ್ಕೆ ಸಂಬಂಧಿಸಿದ್ದಲ್ಲ. ಮನೆಯಲ್ಲೇ, ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ತಾಯಿಯ ಕೊನೆಯ ದಿನಗಳ ಬಗ್ಗೆ ಅನ್ನಿಸಿದ್ದನ್ನು ಅನ್ನಿಸಿದಂತೆ ಬರೆಯುವುದು. ಕಾಗುಣಿತ ನೋಡಬಾರದು, ಚೆಂದ ಮಾಡಬಾರದು, ಯಾರಿಗೂ ತೋರಿಸಬೇಕಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದ ಕ್ರಮ ಇದು. ಬರೆದ ದಿನ ಮನಸ್ಸು ಇನ್ನಷ್ಟು ಭಾರವಾಗಬಹುದು, ಅದು ನಿರೀಕ್ಷಿತ ಎಂದು ಮೊದಲೇ ಹೇಳಿದೆ. ತೀರಾ ತಡೆಯಲಾರದಂತಾದರೆ ನಿಲ್ಲಿಸಿ ಫೋನ್ ಮಾಡಬೇಕು. ಎರಡನೇ ದಿನ ಮಾಡಿದರು ಕೂಡ. ಅರ್ಧ ಗಂಟೆ ಮಾತಾಡಿ, ಉಳಿದ ಎರಡು ದಿನ ತಾವಾಗಿಯೇ ಮುಗಿಸಿದರು.

ರಾತ್ರಿಯ ಎಚ್ಚರಕ್ಕೆ ಒಂದು ಸಣ್ಣ ಉಪಾಯ. ಗಡಿಯಾರವನ್ನು ಕಣ್ಣಿಗೆ ಬೀಳದ ಕಡೆ ಇಡುವುದು, ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕೂರುವುದು, ನಿದ್ದೆ ಎಳೆದಾಗ ಮಲಗುವುದು, ಎಷ್ಟೇ ನಿದ್ದೆಗೆಟ್ಟರೂ ಬೆಳಿಗ್ಗೆ ಏಳುವ ಹೊತ್ತು ಬದಲಿಸದಿರುವುದು. ಇದು ಹಿಡಿತಕ್ಕೆ ಬರಲು ವಾರಗಳು ಬೇಕು.

ಮತ್ತೆ ಬೆಟ್ಟಕ್ಕೆ ಹೋಗಬೇಕೆಂದು ಹಟ ಹಿಡಿದವರು ಅವರೇ. ಸರಿ ಎಂದೆ, ಕೆಲವು ಷರತ್ತು ಹಾಕಿ. ಈ ಸಲ 2,000 ಮೀಟರ್ ಒಳಗಿನ ಊರು. ಮುಂದೆ ಎಂದಾದರೂ 3,000 ದಾಟುವುದಾದರೆ, ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು, ವೈದ್ಯರನ್ನು ಕೇಳದೆ ನಿದ್ದೆ ಮಾತ್ರೆ ಮುಟ್ಟಬಾರದು. ನಡಿಗೆ ತಡವರಿಸಿದರೆ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಕಾಯುವ ಹಾಗಿಲ್ಲ, ತಕ್ಷಣ ಕೆಳಗಿಳಿಯಬೇಕು. ದಿನಕ್ಕೆ ಎರಡು ನಡಿಗೆ, ಗುರಿ ಇಲ್ಲದೆ. ದಪ್ಪ ನೋಟ್‌ಬುಕ್ ಮನೆಯಲ್ಲೇ ಇರಲಿ. ಜೇಬಿನಲ್ಲಿ ಒಂದು ಚೀಟಿ, ಅದರಲ್ಲಿ ಕಂಡದ್ದರ ಹೆಸರು ಮಾತ್ರ: ಕಲ್ಲು, ಹಾವಸೆ, ಹರಿದ ಚಪ್ಪಲಿ. ಉಪಮೆ ಬರೆಯುವಂತಿಲ್ಲ. ಕವಿತೆಗಂತೂ ಪೂರ್ತಿ ನಿಷೇಧ.

ಕೊನೆಯ ಷರತ್ತಿಗೆ ಅವರು ಸಿಟ್ಟಾದರು. ನನಗೆ ಅದು ಒಳ್ಳೆಯ ಸೂಚನೆ ಅನ್ನಿಸಿತು. ಬೇಡ ಅಂದದ್ದಕ್ಕೆ ಸಿಟ್ಟು ಬರಬೇಕಾದರೆ ಬೇಕು ಅನ್ನುವುದು ಒಳಗೆಲ್ಲೋ ಜೀವಂತವಾಗಿರಬೇಕು.

ಈ ಸಲ ಅಂದುಕೊಂಡಷ್ಟೂ ದಿನ ಇದ್ದು ಬಂದರು. ಎರಡು ರಾತ್ರಿ ಚೆನ್ನಾಗಿ ಅತ್ತರಂತೆ, ಉಳಿದ ರಾತ್ರಿ ಮಲಗಿದರಂತೆ. ಊರಿಗೆ ಬಂದು ಕೆಲವು ವಾರಗಳ ಮೇಲೆ ಒಂದು ಕವಿತೆ ತಂದರು. ಅದು ತಾಯಿಯ ಮಾತ್ರೆ ಡಬ್ಬಿಯ ಬಗ್ಗೆ. "ಇದರಲ್ಲಿ ಬೆಟ್ಟವೇ ಇಲ್ಲ" ಎಂದು ಪೇಚಾಡಿದರು. ಇರಲೇಬೇಕೇ ಎಂದು ಕೇಳಿದೆ. ಉತ್ತರ ಇನ್ನೂ ಕೊಟ್ಟಿಲ್ಲ. ಕವಿತೆ ಹೇಗಿದೆ ಎಂದು ನಾನೂ ಹೇಳಲಿಲ್ಲ. ವಿಮರ್ಶೆ ನನ್ನ ಕೆಲಸವಲ್ಲ, ಅವರೂ ಕೇಳಲಿಲ್ಲ.

ವೈದ್ಯರ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಾಗಿದೆ, ರಕ್ತ ಸ್ವಲ್ಪ ಕಡಿಮೆ, ಕಬ್ಬಿಣದ ಮಾತ್ರೆ ನಡೆಯುತ್ತಿದೆ. ನಿದ್ದೆ ಮುಕ್ಕಾಲು ಪಾಲು ಸುಧಾರಿಸಿದೆ. ನಿರಾಳವೆನಿಸಿದ್ದಕ್ಕೆ ಕಾಡುವ ತಪ್ಪಿತಸ್ಥ ಭಾವನೆಯ ಬಗ್ಗೆ ಮಾತು ಇನ್ನೂ ಬಾಕಿ, ಅದಕ್ಕಾಗಿ ತಿಂಗಳಿಗೊಮ್ಮೆ ಬರುತ್ತಾರೆ. ಮುಂದಿನ ಸಲ ಒಬ್ಬರೇ ಹೋಗುವ ಆಸೆ ಇದೆ. ಮೊದಲ ಎರಡು ರಾತ್ರಿ ಗೆಳತಿಯೊಬ್ಬರು ಜೊತೆಗಿರಲಿ, ನಡೆಯುವ ದಾರಿ ಯಾವುದೆಂದು ಯಾರಿಗಾದರೂ ತಿಳಿಸಿ ಹೊರಡಿ ಎಂದಿದ್ದೇನೆ. ಯಾವ ಗೆಳತಿ ಎಂಬುದು ಈಗಿನ ಚರ್ಚೆ.