ಗುಪ್ತಾಂಗದ ಮೇಲೆ ನೋವಿಲ್ಲದ ಹುಣ್ಣು ಬಂದು ತಾನಾಗಿಯೇ ಹೋಯಿತು. ಇದು ಸಿಫಿಲಿಸ್ ಇರಬಹುದೇ?

ಇರಬಹುದು. ಸಿಫಿಲಿಸ್ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗ. ನೋವಿಲ್ಲ ಅನ್ನುವುದೇ ಇಲ್ಲಿ ಅನುಮಾನ ಪಡಬೇಕಾದ ವಿಷಯ.

ಸೋಂಕು ತಗುಲಿದ ಸುಮಾರು 3 ವಾರಕ್ಕೆ ಸಿಫಿಲಿಸ್‌ನ ಮೊದಲ ಹುಣ್ಣು ಏಳುತ್ತದೆ. ಕೆಲವರಲ್ಲಿ 3 ತಿಂಗಳೂ ಆಗಬಹುದು. ಹೆಚ್ಚಾಗಿ ಒಂದೇ ಹುಣ್ಣು, ದುಂಡಗೆ. ಮುಟ್ಟಿದರೆ ಚರ್ಮದೊಳಗೆ ಗುಂಡಿ ಇಟ್ಟು ಹೊಲಿದ ಹಾಗೆ ಗಟ್ಟಿ. ತೊಡೆಸಂದಿನಲ್ಲಿ ಗಂಟು ಊದಿರಬಹುದು. ಯೋನಿ ಅಥವಾ ಗುದದ ಒಳಗಡೆ ಆದರೆ ಗೊತ್ತೇ ಆಗುವುದಿಲ್ಲ. (ಸಣ್ಣ ಸಣ್ಣ ನೀರುಗುಳ್ಳೆ ಗುಂಪಾಗಿ ಎದ್ದು ಉರಿಯುತ್ತಿದ್ದರೆ ಹರ್ಪಿಸ್ ಎಂಬ ವೈರಸ್ ಸೋಂಕು ಇರುವ ಸಾಧ್ಯತೆ ಜಾಸ್ತಿ.)

3ರಿಂದ 6 ವಾರದಲ್ಲಿ ಹುಣ್ಣು ತಾನಾಗಿಯೇ ಮಾಯುತ್ತದೆ. ಮುಲಾಮು ಹಚ್ಚಿದವರು ಅದರಿಂದಲೇ ವಾಸಿಯಾಯ್ತು ಅಂದುಕೊಳ್ಳುತ್ತಾರೆ, ಅಲ್ವಾ? ರೋಗಾಣು ಮಾತ್ರ ಮೈಯಲ್ಲೇ ಇರುತ್ತದೆ. ಕೆಲವು ವಾರ ಕಳೆದ ಮೇಲೆ ಕೆಂಪು ಅಥವಾ ಕಂದು ಕಲೆಗಳು ಏಳಬಹುದು. ಸಾಮಾನ್ಯವಾಗಿ ತುರಿಕೆ ಇರುವುದಿಲ್ಲ. ಅಂಗೈ, ಅಂಗಾಲಿನಲ್ಲೂ ಕಂಡರೆ ಶಾಖಕ್ಕೆ ಆಗಿದೆ ಅಂತ ಸುಮ್ನೆ ಬಿಡಬೇಡಿ. ಜ್ವರ, ಅಲ್ಲಲ್ಲಿ ಕೂದಲು ಉದುರುವುದೂ ಉಂಟು.

ಬರೀ ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳಲಾಗದು. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ರಕ್ತ ಪರೀಕ್ಷೆ ಮಾಡಿಸಿ, ಜೊತೆಗೆ ಎಚ್‌ಐವಿಯದೂ. ಹುಣ್ಣು ತೀರಾ ಹೊಸದಾಗಿದ್ದಾಗ ಮಾಡಿಸಿದ ಪರೀಕ್ಷೆ ನೆಗೆಟಿವ್ ಬರಬಹುದು, ಹಾಗಾಗಿ ಮತ್ತೊಮ್ಮೆ ಮಾಡಿಸಬೇಕು. ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್‌ನ ಒಂದೇ ಡೋಸ್ ಸಾಕು. ಸಂಗಾತಿಗೂ ಪರೀಕ್ಷೆ ಆಗಲೇಬೇಕು. ಗರ್ಭಿಣಿಯಾದರೆ ಒಂದು ದಿನವೂ ತಡ ಮಾಡಬೇಡಿ, ಮಗುವಿಗೂ ಹರಡಬಹುದು.

ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ (ಲೈಂಗಿಕ ರೋಗಗಳ ಚಿಕಿತ್ಸಾ ಕೇಂದ್ರ) ಇದೆಲ್ಲ ಉಚಿತ. ಹೋಗಲು ಮುಜುಗರ ಅನ್ನಿಸಿದರೆ ಮೊದಲು ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಿ.